ಅಮ್ಮನ ಪೇಸ್‌ಮೇಕರ್ ಬ್ಯಾಟರಿ ಮುಗೀತಿದೆ, ವೈರೂ ಬದಲಿಸಬೇಕಾ?
ಪೇಸ್‌ಮೇಕರ್ ಹಾಕಿಸಿ 9 ವರ್ಷ, ಈಗ ಅಮ್ಮನಿಗೆ ವೈರೂ ತೆಗೀತಾರಾ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಇಲ್ಲ. ಪೇಸ್‌ಮೇಕರ್ ಡಬ್ಬಿ ಸೀಲಾಗಿರೋದರಿಂದ ಬ್ಯಾಟರಿ ಒಂದನ್ನೇ ಬಿಚ್ಚಿ ಹಾಕೋಕಾಗಲ್ಲ, ಪೂರ್ತಿ ಡಬ್ಬಿನೇ ಹೊಸದು. ಹಳೇ ಲೀಡ್‌ಗಳನ್ನ (ಡಬ್ಬಿಯಿಂದ ಹೃದಯಕ್ಕೆ ಹೋಗೋ ವೈರುಗಳನ್ನ) ಅಲ್ಲೇ ಟೆಸ್ಟ್ ಮಾಡಿ, ಸರಿಯಿದ್ದರೆ ಅವಕ್ಕೇ ಜೋಡಿಸ್ತಾರೆ.

ನನಗೆ ಹೋದ ವರ್ಷ ಹಾಗೇ ಆಯ್ತು. ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟೋ ಇಂಜೆಕ್ಷನ್, ಹಳೇ ಗಾಯದ ಗೆರೆ ಹತ್ತಿರವೇ ಕೊಯ್ದರು. ನೋವಿರಲಿಲ್ಲ, ಡಬ್ಬಿ ಎಳೆಯೋದು ಮಾತ್ರ ಚೆನ್ನಾಗಿ ಗೊತ್ತಾಯ್ತು. (ಡಾಕ್ಟರು ನರ್ಸ್ ಹತ್ರ ಕ್ಯಾಂಟೀನ್ ದೋಸೆ ವಿಷಯ ಮಾತಾಡ್ತಿದ್ದರು!)

ಲೀಡ್ ಕೆಟ್ಟಿದ್ದರೂ ಎಷ್ಟೋ ಸಲ ಹಳೇದನ್ನ ಒಳಗೇ ಬಿಟ್ಟು ಪಕ್ಕದಲ್ಲಿ ಹೊಸದು ಹಾಕ್ತಾರೆ. ಕಿತ್ತು ತೆಗೆಯೋದೇ ಹೆಚ್ಚು ಅಪಾಯದ ಕೆಲಸ. ಸೋಂಕಾದರೆ ಮಾತ್ರ ಸಾಮಾನ್ಯವಾಗಿ ತೆಗೆಯಲೇಬೇಕು. ರಕ್ತ ತೆಳು ಮಾಡೋ ಮಾತ್ರೆ ಇದ್ದರೆ ಮೊದಲೇ ಹೇಳಿ, ನೀವಾಗೇ ನಿಲ್ಲಿಸಬೇಡಿ. ಆಮೇಲೆ ಗಾಯ ಕೆಂಪಾಗಿ ಊದಿದರೆ, ಒಸರಿದರೆ ಅದೇ ದಿನ ತೋರಿಸಿ.