ಇಟಲಿಯ ಕೌಬಾಯ್ ಸಿನಿಮಾಗಳ ಸಂಗೀತದಲ್ಲಿ ಶಿಳ್ಳೆ, ಚಾಟಿ ಸದ್ದು ಯಾಕೆ?

ಮೊದಲ ಕಾರಣ ದುಡ್ಡು. 1964ರ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಬಜೆಟ್ ತೀರಾ ಕಮ್ಮಿ. ಹಾಲಿವುಡ್‌ನವರಂತೆ ದೊಡ್ಡ ಆರ್ಕೆಸ್ಟ್ರಾ ಕೈಗೆಟುಕುತ್ತಿರಲಿಲ್ಲ. ಸಂಗೀತ ಸಂಯೋಜಕ ಎನ್ನಿಯೊ ಮೊರಿಕೋನೆ ಆ ಕೊರತೆಯನ್ನೇ ಶೈಲಿ ಮಾಡಿಕೊಂಡರು: ಸಂಗೀತಗಾರ ಅಲೆಸ್ಸಾಂಡ್ರೊ ಅಲೆಸ್ಸಾಂಡ್ರೊನಿಯ ಶಿಳ್ಳೆ, ಎಲೆಕ್ಟ್ರಿಕ್ ಗಿಟಾರ್, ಚಾಟಿ, ಗಂಟೆ.

1966ರ ‘ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ’ಯಲ್ಲಿ ಲೆಕ್ಕಾಚಾರ ಇನ್ನೂ ಚೊಕ್ಕ. ಮೂರು ಮುಖ್ಯ ಪಾತ್ರಗಳಿಗೂ ಕಯೋಟಿ ತೋಳ ಊಳಿಟ್ಟಂತಿರುವ ಒಂದೇ ತುಣುಕು. ಬ್ಲಾಂಡಿಗೆ ಅದು ಕೊಳಲಿನಲ್ಲಿ, ಏಂಜಲ್ ಐಸ್‌ಗೆ ಒಕರಿನಾದಲ್ಲಿ (ಕೈಯಲ್ಲಿ ಹಿಡಿದು ಊದುವ ಪುಟ್ಟ ವಾದ್ಯ), ಟೂಕೋಗೆ ಮನುಷ್ಯರ ದನಿಯಲ್ಲಿ. ಕಣ್ಣು ಮುಚ್ಚಿದ್ದರೂ ಯಾರ ಸರದಿ ಅಂತ ತಿಳಿಯುತ್ತದೆ.

1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ನಲ್ಲಂತೂ ಮಾಮೂಲಿ ಕ್ರಮವೇ ಉಲ್ಟಾ. ಮುಖ್ಯ ಟ್ಯೂನ್‌ಗಳು ಶೂಟಿಂಗ್‌ಗೆ ಮುಂಚೆಯೇ ಸಿದ್ಧವಾಗಿದ್ದವು. ನಿರ್ದೇಶಕ ಸರ್ಜಿಯೊ ಲಿಯೋನೆ ಅವನ್ನು ಸೆಟ್‌ನಲ್ಲೇ ಹಾಕಿಸಿ ನಟರ ನಡಿಗೆ, ಕ್ಯಾಮೆರಾ ಚಲನೆ ಹೊಂದಿಸಿದರು. ರೈಲು ನಿಲ್ದಾಣದ ಕ್ರೇನ್ ಶಾಟ್ ಗಮನಿಸಿ: ಕ್ಯಾಮೆರಾ ಛಾವಣಿ ದಾಟಿ ಮೇಲೇರುವಾಗಲೇ ಸಂಗೀತವೂ ಏರುತ್ತದೆ.