ಡಾಕ್ಟ್ರು ಮಗನ್ನ ಗನ್ ಬಗ್ಗೆ ಕೇಳಿದ್ರಾ? ಗಾಬರಿ ಬೇಡ ಸರ್

ಮಿಶಿಗನ್‌ಗೆ ಬಂದು ಮೂರು ತಿಂಗ್ಳು, ಮಗನಿಗೆ 15, ಚೆಕಪ್‌ಗೆ ಹೋದ್ರೆ ಡಾಕ್ಟ್ರು ನಮ್ಮನ್ನ ಆಚೆ ಕೂರ್ಸಿ ಫ್ರೆಂಡ್ಸ್ ಹತ್ರ ಗನ್ ಇದ್ಯಾ ಅಂತೆಲ್ಲ ಅವನನ್ನ ಕೇಳಿದ್ರು, ನಮ್ಮ ಮೇಲೆ ಡೌಟಾ, ವೀಸಾಗೆ ತೊಂದ್ರೆ ಆಗತ್ತಾ, ಫಾರ್ಮಲ್ಲಿ ಮನೇಲಿ ಗನ್ ಇದ್ಯಾ ಅನ್ನೋದಕ್ಕೆ ಏನ್ ಬರೀಲಿ ಅಂತ ಕೇಳಿದೀರ.

ಡೌಟೂ ಇಲ್ಲ ಏನೂ ಇಲ್ಲ ಸರ್. ಅದು ಮೆಡಿಕಲ್ ರೆಕಾರ್ಡು, ಇಮಿಗ್ರೇಷನ್‌ನವ್ರಿಗೆ ಕಳ್ಸೋ ವಿಷ್ಯ ಅಲ್ಲ. ಅಮೆರಿಕದಲ್ಲಿ 2020ರಿಂದ ಮಕ್ಕಳು, ಹದಿಹರೆಯದವ್ರು ಸಾಯೋದಕ್ಕೆ ಮೊದಲ್ನೇ ಕಾರಣ ಗನ್ನೇ, ರೋಡ್ ಆಕ್ಸಿಡೆಂಟನ್ನೂ ಮೀರ್ಸಿದೆ, ಅದಕ್ಕೇ ಬಿಪಿ ನೋಡ್ದಂಗೆ ಇದನ್ನೂ ನೋಡ್ತಾರೆ. ನಿಮ್ಮ ಮಗನಿಗೆ ಕೇಳಿದ್ದು ಬಹುಶಃ ಸೇಫ್ಟಿ ಸ್ಕೋರ್ ಅನ್ನೋ ನಾಲ್ಕು ಪ್ರಶ್ನೆ: ಆರು ತಿಂಗ್ಳಲ್ಲಿ ಜೋರಾಗಿ ಹೊಡೆದಾಟ ಆಯ್ತಾ, ಫ್ರೆಂಡ್ಸು ಚಾಕು ಗನ್ನು ಇಟ್ಕೊಂಡು ಓಡಾಡ್ತಾರಾ, ಗುಂಡಿನ ಸದ್ದು ಕೇಳ್ಸಿದ್ಯಾ, ಯಾರಾದ್ರೂ ನಿನ್ ಮೇಲೆ ಗನ್ ತೆಗ್ದಿದ್ರಾ. ನಿಮ್ಮದೇ ಸ್ಟೇಟಿನ ಫ್ಲಿಂಟ್‌ನಲ್ಲಿ ಎಮರ್ಜೆನ್ಸಿಗೆ ಬಂದ ಹುಡುಗ್ರ ಡೇಟಾ ಇಟ್ಕೊಂಡು ಮಾಡಿದ್ದು, 14ರಿಂದ 24 ವಯಸ್ಸಿನವ್ರಿಗೆ, 10ಕ್ಕೆ ಮಾರ್ಕು, ಇದ್ರಲ್ಲಿ ಮಾತ್ರ ಮಾರ್ಕು ಕಮ್ಮಿ ಬಂದಷ್ಟೂ ಒಳ್ಳೇದು!

ನನ್ ಮಗಳಿಗೂ ಹಿಂಗೇ ಕೇಳಿದ್ರು. ಫ್ರೆಂಡ್ ಮನೇಲಿ ಮಲಗಿದ್ದಾಗ ಎರಡು ಸಲ ಗುಂಡಿನ ಸದ್ದು ಕೇಳ್ಸ್ತು ಅಂದ್ಲಂತೆ. ನಂಗೆ ಆವತ್ತೇ ಗೊತ್ತಾಗಿದ್ದು. ಯಾಕಮ್ಮ ಹೇಳ್ಲಿಲ್ಲ ಅಂದ್ರೆ "ನೀನು ಇನ್ಮೇಲೆ ಕಳ್ಸಲ್ಲ ಅಂತಿದ್ದೆ ಅಲ್ವಾ" ಅಂದ್ಲು, ನಿಜ, ಕಳ್ಸ್ತಿರ್ಲಿಲ್ಲ. ಅಪ್ಪ ಅಮ್ಮನ್ನ ಆಚೆ ಕಳ್ಸೋದು ಇದಕ್ಕೇ ನೋಡಿ. ಮನೆಗೆ ಬರ್ತಾ ಕಾರಲ್ಲಿ ಏನಂದೆ ಏನಂದೆ ಅಂತ ಅವನ ತಲೆ ತಿನ್ಬೇಡಿ, ಪ್ರಾಣಕ್ಕೆ ಅಪಾಯ ಇದೆ ಅನ್ಸಿದ್ರೆ ಡಾಕ್ಟ್ರೇ ನಿಮ್ಮನ್ನ ಕರೀತಾರೆ.

ಹಿಂದೆ ಫ್ಲೋರಿಡಾದಲ್ಲಿ ಡಾಕ್ಟ್ರು ಗನ್ ಬಗ್ಗೆ ಕೇಳ್ಬಾರ್ದು ಅಂತ 2011ರಲ್ಲಿ ಕಾನೂನೇ ಮಾಡಿದ್ರು, 2017ರಲ್ಲಿ ಕೋರ್ಟು ಹೊಡೆದ್ಹಾಕ್ತು. 2024ರಲ್ಲಿ ಗನ್ ಹಿಂಸೆನ ಪಬ್ಲಿಕ್ ಹೆಲ್ತ್ ಸಮಸ್ಯೆ ಅಂತ ಸಾರಿದ ಆಗಿನ ಸರ್ಜನ್ ಜನರಲ್, ಅಂದ್ರೆ ಅಮೆರಿಕ ಸರ್ಕಾರದ ದೊಡ್ಡ ಡಾಕ್ಟ್ರು, ವಿವೇಕ್ ಮೂರ್ತಿ ನಮ್ಮ ಮಂಡ್ಯದ ಹಲ್ಲೇಗೆರೆ ಮೂಲದವ್ರು, ಗೊತ್ತಿರ್ಬೇಕಲ್ಲ.

ನನ್ ಕೇಳಿದ್ರೆ ನೀವು ತಲೆ ಕೆಡಿಸ್ಕೋಬೇಕಾಗಿದ್ದು ಮಗ ಆಡೋಕೆ ಹೋಗೋ ಮನೆ ಬಗ್ಗೆ. ಹೋಗೋ ಮುಂಚೆ ಫೋನ್ ಮಾಡಿ "ಗನ್ ಇದ್ಯಾ, ಲಾಕ್ ಮಾಡಿಟ್ಟಿದೀರಾ" ಅಂತ ಕೇಳಿ. ಮೊದಲ್ನೇ ಸಲ ನಂಗೆ ನಾಲಿಗೇನೇ ಏಳ್ಲಿಲ್ಲ, ಆ ಹುಡುಗಿ ತಾಯಿ ಮಾತ್ರ ನಾಯಿ ಕಚ್ಚುತ್ತಾ ಅಂತ ಕೇಳಿದೀನೇನೋ ಅನ್ನೋ ಥರ, ಬೇಸ್‌ಮೆಂಟಲ್ಲಿ ಸೇಫಲ್ಲಿದೆ, ಗುಂಡು ಬೇರೆ ಕಡೆ ಇದೆ ಅಂದ್ಲು. ಮಕ್ಕಳು ಬರೋ ಕಡೆ ಗನ್ನಿಗೆ ಬೀಗ ಹಾಕಿರ್ಲೇಬೇಕು ಅಂತ ಮಿಶಿಗನ್ನಲ್ಲಿ 2024ರಿಂದ ಕಾನೂನೂ ಇದೆ.

ಫಾರ್ಮಲ್ಲಿ ಇಲ್ಲ ಅಂತ ಬರೀರಿ, ಇಲ್ಲ ತಾನೇ.