ಐರ್ಲೆಂಡ್ ಯಾವ ಬಾರಲ್ಲೂ ನಿಂತಿಲ್ಲ ಮಾರಾಯ್ರೆ

ನಮಸ್ಕಾರ,

ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಪ್ರಧಾನಿ, ಲಿಬರಲ್ ಪಕ್ಷದ ಗ್ಲಾಡ್‌ಸ್ಟನ್ ಐರ್ಲೆಂಡ್ ವಿಚಾರವಾಗಿ ಪಾರ್ಲಿಮೆಂಟಲ್ಲಿ ಮಾಡಿದ ಭಾಷಣಗಳ ಬಗ್ಗೆ ನೀವು ಕಳಿಸಿದ ಲೇಖನ ಓದ್ದೆ, ಒಂದ್ಸಲ ಅಲ್ಲ ಎರಡ್ಸಲ, ಎರಡನೇ ಸಲ ಪೆನ್ಸಿಲ್ ಹಿಡ್ಕೊಂಡು. ಉತ್ತರ ಲೇಟಾಯ್ತು, ಬೇಜಾರ್ ಮಾಡ್ಕೋಬೇಡಿ. ಈಗಿರೋ ರೂಪದಲ್ಲಿ ಇದನ್ನ ಹಾಕಕ್ಕಾಗಲ್ಲ, ಸುತ್ತಿ ಬಳಸಿ ಹೇಳಿದ್ರೆ ನಿಮ್ಗೂ ಹಿಂಸೆ ನಂಗೂ ಹಿಂಸೆ, ಅದಕ್ಕೆ ಮೊದ್ಲೇ ಹೇಳ್ಬಿಟ್ಟೆ. ಆದ್ರೆ ಬಿಸಾಕೋ ಲೇಖನ ಅಲ್ಲ, ಇಲ್ಲಾಂದ್ರೆ ಇಷ್ಟುದ್ದ ಬರೀತಾನೂ ಇರ್ಲಿಲ್ಲ.

ಮೊದ್ಲು ಒಂದು ಸಾಲಿನ ವಿಷಯ. ಐರ್ಲೆಂಡಿಗೆ ಸ್ವಂತ ಆಡಳಿತ ಕೊಡೋ ಹೋಮ್ ರೂಲ್ ಬಿಲ್ ಮೇಲೆ 1886ರ ಜೂನಲ್ಲಿ ಮಾಡಿದ ಭಾಷಣದ ಆ ಪ್ರಸಿದ್ಧ ಮಾತನ್ನ ನೀವು "ಐರ್ಲೆಂಡ್ ನಿಮ್ಮ ಬಾರ್‌ನಲ್ಲಿ ನಿಂತಿದೆ, ನಿರೀಕ್ಷೆಯುಳ್ಳದ್ದಾಗಿ, ಭರವಸೆಯುಳ್ಳದ್ದಾಗಿ, ಬಹುತೇಕ ಯಾಚಕವಾಗಿ" ಅಂತ ಮಾಡಿದೀರಿ. ನಮ್ಮೋರಿಗೆ ಬಾರ್ ಅಂದ್ರೆ ಏನು ನೆನಪಾಗತ್ತೆ ನೀವೇ ಹೇಳಿ. ಅದು ಪಾರ್ಲಿಮೆಂಟಿನ ಕೆಳಮನೆ, ಅಂದ್ರೆ ಕಾಮನ್ಸ್ ಸಭೆಯ ಬಾಗಿಲ ಕಡೆ ಇರೋ ಗಡಿ, ಸದಸ್ಯರಲ್ಲದವರು ಅದನ್ನ ದಾಟಿ ಒಳಗೆ ಬರೋ ಹಾಗಿಲ್ಲ, ಸಭೆ ಕರೆಸಿದ್ರೆ ಅಲ್ಲೇ ನಿಂತು ಅಹವಾಲು ಹೇಳ್ಕೋಬೇಕು. "ಐರ್ಲೆಂಡ್ ನಿಮ್ಮ ಕಟಕಟೆ ಮುಂದೆ ಆಸೆ ಇಟ್ಕೊಂಡು ಕಾಯ್ತಾ ನಿಂತಿದೆ, ಇನ್ನೇನು ಕೈ ಮುಗೀಬೇಕು ಅನ್ನೋ ಹಾಗೆ" ಅಂತ ಬರೀರಿ, ಸಾಕು. ಆಗ ಇನ್ನೊಂದೂ ಕಾಣತ್ತೆ, ಐರ್ಲೆಂಡಿಗೆ ಹೋಮ್ ರೂಲ್ ಕೇಳ್ತಿದ್ದ ಪಾರ್ನೆಲ್ ಪಕ್ಷದ 86 ಜನ ಸಭೆ ಒಳಗೇ ಕೂತಿದಾರೆ, ಆದ್ರೂ 76 ವರ್ಷದ ಈ ಮುದುಕ್ರು ಐರ್ಲೆಂಡ್ ಮಾತ್ರ ಹೊರಗಡೆ ನಿಂತಿದೆ ಅಂತಿದಾರೆ! ಭಾಷಣದ ತಾಕತ್ತು ಇರೋದೇ ಅಲ್ಲಿ, ನೀವು ಅದನ್ನ ಹಾರಿಸ್ಕೊಂಡು ಹೋಗಿದೀರಿ.

ನನ್ನ ದೊಡ್ಡ ತಕರಾರೂ ಇದೇನೆ. ನಿಮ್ಮ ಲೇಖನದಲ್ಲಿ ಭಾಷಣ ಇದೆ, ಸಭೆ ಇಲ್ಲ. "ಮಾನವೀಯತೆಯ ಮಹಾನ್ ಧ್ವನಿ" ಅಂತ ಮೂರು ಕಡೆ ಬರೆದಿದೀರಿ (ನಾನು ಮೂರನ್ನೂ ಹೊಡೆದುಹಾಕಿದೀನಿ), ಆದ್ರೆ ಆ ಧ್ವನಿ ಯಾರ ಕಿವಿಗೆ ಬೀಳ್ಬೇಕಿತ್ತು ಅಂತ ಎಲ್ಲೂ ಇಲ್ಲ. ಪಾರ್ಲಿಮೆಂಟ್ ಭಾಷಣ ಅಂದ್ರೆ ಓಟು ಕೇಳೋ ಕೆಲ್ಸ ಅಲ್ವಾ. ಜೂನ್ 7ರ ಆ ರಾತ್ರಿ ಅವರು ಒಲಿಸ್ಕೋಬೇಕಿದ್ದಿದ್ದು ಎದುರುಗಡೆ ಕೂತ ಕನ್ಸರ್ವೇಟಿವ್‌ಗಳನ್ನಲ್ಲ, ಸ್ವಂತ ಪಕ್ಷದವರನ್ನೇ. ಓಟಿಗೆ ಹಾಕುವಷ್ಟರಲ್ಲಿ ರಾತ್ರಿ ಒಂದು ಗಂಟೆ ದಾಟಿ ಜೂನ್ 8 ಆಗಿತ್ತು, ಹೋಮ್ ರೂಲ್ ಬಿಲ್ ಪರ 313, ವಿರುದ್ಧ 343, ಅಂದ್ರೆ 30 ಓಟಲ್ಲಿ ಬಿತ್ತು, ಆ ವಿರುದ್ಧದಲ್ಲಿ 93 ಜನ ಲಿಬರಲ್‌ಗಳೇ! 16 ಜನ ಆ ಕಡೆಯಿಂದ ಈ ಕಡೆ ಬಂದಿದ್ರೆ ಕಥೆಯೇ ಬೇರೆ. ಈ ಲೆಕ್ಕ ಓದುಗನ ಮುಂದೆ ಇಟ್ಟು ಆಮೇಲೆ ಭಾಷಣಕ್ಕೆ ಬನ್ನಿ, "ಈ ಕ್ಷಣಕ್ಕಲ್ಲ, ಮುಂದೆ ಬರೋ ವರ್ಷಗಳಿಗಾಗಿ ಯೋಚನೆ ಮಾಡಿ" ಅಂತ ಅವರು ಬೇಡ್ಕೊಂಡಿದ್ದು ಯಾಕೆ ಅಂತ ನೀವು ವಿವರಿಸೋದೇ ಬೇಡ.

ಆ 93ರಲ್ಲಿ ಜಾನ್ ಬ್ರೈಟ್ ಇದ್ರು ನೋಡಿ, ಅವರನ್ನ ನೀವು ಬಿಟ್ಟೇಬಿಟ್ಟಿದೀರಿ. ಐರ್ಲೆಂಡ್ ರೈತರ ಪರ ಎಷ್ಟೋ ವರ್ಷ ಮಾತಾಡಿದ ಮನುಷ್ಯ, ಗ್ಲಾಡ್‌ಸ್ಟನ್ ಮಂತ್ರಿಮಂಡಲದಲ್ಲೇ ಇದ್ದವರು. ಬಿಲ್ ವಿರುದ್ಧ ಓಟು ಹಾಕ್ತೀನಿ ಅಂತ ಅವರು ಬರೆದ ಕಾಗದನ ಜೋಸೆಫ್ ಚೇಂಬರ್ಲೇನ್ ಮೇ 31ಕ್ಕೆ ಬಂಡಾಯ ಎದ್ದ ಲಿಬರಲ್‌ಗಳ ಸಭೆಯಲ್ಲಿ ಓದಿದ್ರು. ಮೂರೂವರೆ ಗಂಟೆ ಭಾಷಣಕ್ಕಿಂತ ಆ ಒಂದು ಕಾಗದಕ್ಕೇ ತೂಕ ಜಾಸ್ತಿ ಬಂತೇನೋ ಅನ್ಸತ್ತೆ ನಂಗೆ. ಹೌದು, ಏಪ್ರಿಲ್ 8ರಂದು ಬಿಲ್ ಮಂಡಿಸುವಾಗ ಮಾಡಿದ ಭಾಷಣ ಹೆಚ್ಚುಕಡಿಮೆ ಅಷ್ಟುದ್ದ, ಜೂನಿನದ್ದು ಅಲ್ಲ, ನೀವು ಎರಡನ್ನೂ ಕಲಸಿಬಿಟ್ಟಿದೀರಿ.

ಇನ್ನು 1881. 1869ರ ಚರ್ಚ್ ಕಾನೂನು ಹೇಳ್ತೀರಿ, 1870ರ ಜಮೀನು ಕಾನೂನು ಹೇಳ್ತೀರಿ, ಅಲ್ಲಿಂದ ಸೀದಾ 1886ಕ್ಕೆ ಜಿಗೀತೀರಿ. ಮಧ್ಯದಲ್ಲಿ ಇದೇ ಮನುಷ್ಯ 1881ರಲ್ಲಿ ಒಂದು ಕೈಯಲ್ಲಿ ಗೇಣಿದಾರರಿಗೆ ನ್ಯಾಯವಾದ ಗೇಣಿ ಕೊಡೋ ಕಾನೂನು ತಂದು, ಇನ್ನೊಂದು ಕೈಯಲ್ಲಿ ವಿಚಾರಣೆ ಇಲ್ದೆ ಒಳಗೆ ಹಾಕೋ ಕಾನೂನೂ ತಂದ್ರು. ಅಕ್ಟೋಬರ್ 7ಕ್ಕೆ ಲೀಡ್ಸ್‌ನಲ್ಲಿ, ನಾಗರಿಕತೆಯ ಕೈಯಲ್ಲಿ ಇನ್ನೂ ಉಪಾಯ ಮುಗಿದಿಲ್ಲ ಅಂತ ಗುಡುಗಿದ್ರು, ಅಕ್ಟೋಬರ್ 13ಕ್ಕೆ ಪಾರ್ನೆಲ್ ಕಿಲ್‌ಮೇನಮ್ ಜೈಲಲ್ಲಿ! ಐದು ವರ್ಷ ಆಗೋದ್ರೊಳಗೆ ಅದೇ ಪಾರ್ನೆಲ್ ಓಟು ನಂಬ್ಕೊಂಡು ಬಿಲ್ ತಂದ್ರು. ಇದನ್ನ ಮುಚ್ಚಿಟ್ರೆ ಅವರೇನೂ ದೊಡ್ಡೋರಾಗಲ್ಲ, ನಿಮ್ಮ ಲೇಖನ ಸಣ್ಣದಾಗತ್ತೆ ಅಷ್ಟೇ.

ಸಣ್ಣಪುಟ್ಟದ್ದು ಇನ್ನೆರಡಿದೆ. ಪಾರ್ಲಿಮೆಂಟ್ ಚರ್ಚೆಗಳ ವರದಿ ಹ್ಯಾನ್ಸಾರ್ಡ್‌ನಲ್ಲಿ ಅಕ್ಷರಶಃ ಹೀಗೇ ಇದೆ ಅಂತ ಸವಾಲು ಹಾಕ್ಬೇಡಿ, ಆ ಕಾಲದ ಹ್ಯಾನ್ಸಾರ್ಡ್ ಬಹುಪಾಲು ಪತ್ರಿಕೆ ವರದಿಗಳನ್ನ ಸೇರಿಸಿ ಮಾಡಿದ್ದು, ಪೂರ್ತಿ ಮಾತು ಬರ್ಕೊಳ್ಳೋ ಅಧಿಕೃತ ವ್ಯವಸ್ಥೆ ಬಂದಿದ್ದು 1909ರಲ್ಲಿ. ಮತ್ತೆ, 1881ರಲ್ಲಿ ಮೈಸೂರು ಒಡೆಯರಿಗೆ ವಾಪಸ್ ಸಿಕ್ಕಾಗ ಗ್ಲಾಡ್‌ಸ್ಟನ್ನೇ ಪ್ರಧಾನಿ, ಐರ್ಲೆಂಡ್ ಮೇಲಿನ ಪ್ರೀತಿಯೇ ಇಲ್ಲಿಗೂ ಹರಿದು ಬಂತು ಅಂತ ಒಂದು ಪ್ಯಾರಾ ಇದೆಯಲ್ಲ, ಆಸೆಗೆ ಬರೆದಿದೀರಿ, ಆದ್ರೆ ಆ ತೀರ್ಮಾನ 1867ರಲ್ಲೇ ಕನ್ಸರ್ವೇಟಿವ್ ಸರ್ಕಾರ ಇದ್ದಾಗ ಆಗಿದ್ದು. ತೆಗೀರಿ.

ಮುಟ್ಟಲೇಬಾರದ ಜಾಗ ಒಂದೇ, 1845ರ ಮ್ಯಾನೂತ್ ಪ್ರಸಂಗ. ಐರ್ಲೆಂಡಿನ ಕ್ಯಾಥೊಲಿಕ್ ಪಾದ್ರಿಗಳ ಕಾಲೇಜಿಗೆ ದುಡ್ಡು ಜಾಸ್ತಿ ಕೊಡೋದು ತಾನು ಹಿಂದೆ ಬರೆದಿದ್ದಕ್ಕೆ ವಿರುದ್ಧ ಅಂತ ಗ್ಲಾಡ್‌ಸ್ಟನ್ ಮಂತ್ರಿ ಪದವಿ ಬಿಟ್ಟು, ಆಮೇಲೆ ಅದೇ ಮಸೂದೆಗೆ ಪರವಾಗಿ ಓಟು ಹಾಕಿದ್ದು. ಒಂದು ಗಂಟೆ ವಿವರಣೆ ಕೇಳಿಯೂ ಯಾಕೆ ರಾಜೀನಾಮೆ ಕೊಟ್ರು ಅಂತ ಗೊತ್ತಾಗಲಿಲ್ಲ ಅಂತ ಆಗಿನ ಸಂಸದ ಕಾಬ್ಡೆನ್ ಅಂದಿದ್ದನ್ನ ನೀವು ಹೇಳೋ ರೀತಿ ಓದಿ ಆಫೀಸಲ್ಲಿ ಒಬ್ನೇ ನಕ್ಕೆ. ಅಲ್ಲಿ ನೀವು ಯಾರ್ನೂ ಹೊಗಳಕ್ಕೆ ಹೋಗಿಲ್ಲ ನೋಡಿ.

ಜೂನ್ 7ರ ರಾತ್ರಿಯಿಂದ ಶುರು ಮಾಡಿ, ಒಂದೂವರೆ ಸಾವಿರ ಪದದೊಳಗೆ ಮುಗಿಸಿ, ಬ್ರೈಟ್ ಬರ್ಲಿ, ಜೈಲು ಬರ್ಲಿ. ಮುಂದಿನ ತಿಂಗಳು ಹದಿನೈದರೊಳಗೆ ಕಳಿಸಿ, ಈ ಸಲ ಯುನಿಕೋಡಲ್ಲಿ, ಹೋದ ಸಲ ಅರ್ಧ ಒತ್ತಕ್ಷರ ಹಾರಿಹೋಗಿ ಪಾರ್ನೆಲ್ ಬರೀ ಪಾನೆಲ್ ಆಗಿದ್ರು.